ಒಂದೇ ಕೊಟ್ಟಿಗೆ, ಬೇರೆ ಬೇರೆ ಹೊಟ್ಟೆ: ಯಾವ ಪ್ರಾಣಿಗೆ ಏನು ಹಾಕಬೇಕು, ಹೇಗೆ ಹಾಕಬೇಕು

ಮನೆಯ ಹಿಂದೆ ಎರಡು ಹಸು, ಪಕ್ಕದಲ್ಲಿ ನಾಲ್ಕು ಆಡು, ಅಂಗಳದಲ್ಲಿ ಹತ್ತಿಪ್ಪತ್ತು ನಾಟಿಕೋಳಿ. ನಮ್ಮ ಕಡೆಯ ಎಷ್ಟೋ ರೈತರ ಮನೆಗಳಲ್ಲಿ ಇಷ್ಟು ಇದ್ದೇ ಇರುತ್ತವೆ. ಮೆಕ್ಕೆಜೋಳದ ನುಚ್ಚಿನ ಮೂಟೆ ಮಾತ್ರ ಒಂದೇ. ಕೋಳಿ ಅದನ್ನು ದಿನವಿಡೀ ಹೆಕ್ಕಿದರೂ ಏನೂ ಆಗುವುದಿಲ್ಲ. ಅದೇ ಮೂಟೆಗೆ ಹಸು ರಾತ್ರಿ ಹಗ್ಗ ಬಿಚ್ಚಿಕೊಂಡು ಬಾಯಿ ಹಾಕಿದರೆ, ಮಾರನೆಯ ದಿನ ಎದ್ದು ನಿಲ್ಲುವುದೇ ಕಷ್ಟ. ಇನ್ನು ಭತ್ತದ ಹುಲ್ಲು ನೋಡಿ. ಹಸು ಅದನ್ನೇ ತಿಂದು ಬೇಸಿಗೆ ಕಳೆಯುತ್ತದೆ. ಕೋಳಿಗೆ ಅದು ಗೂಡಿನಲ್ಲಿ ಹಾಸುವುದಕ್ಕೆ ಮಾತ್ರ ಸರಿ.

ಮೇವು ಒಳ್ಳೆಯದೋ ಕೆಟ್ಟದ್ದೋ ಎಂದು ಮೇವನ್ನು ಮಾತ್ರ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಅದು ಯಾವ ಹೊಟ್ಟೆಗೆ ಹೋಗುತ್ತದೆ ಎಂದು ನೋಡಬೇಕು. ಹೊಟ್ಟೆಯ ರಚನೆ ಗೊತ್ತಿದ್ದರೆ ಮೇವಿನ ಖರ್ಚು ಉಳಿಯುತ್ತದೆ, ಎಷ್ಟೋ ಕಾಯಿಲೆಗಳು ಬರುವ ಮೊದಲೇ ತಪ್ಪುತ್ತವೆ.

ಹೆಜ್ಜೆ 1: ಸೂಕ್ಷ್ಮಜೀವಿಗಳು ಎಲ್ಲಿ ವಾಸ ಮಾಡುತ್ತವೆ ಎಂದು ಮೊದಲು ತಿಳಿದುಕೊಳ್ಳಿ

ಹುಲ್ಲು, ದಂಟು, ಸೊಪ್ಪು ಇವುಗಳಲ್ಲಿ ನಾರು ಜಾಸ್ತಿ. ಈ ನಾರನ್ನು ಹಸುವಿನ ಜೀರ್ಣರಸ ಕೂಡ ಕರಗಿಸಲಾರದು. ಅಚ್ಚರಿ ಅನಿಸಬಹುದು, ಆದರೆ ಇದು ನಿಜ. ನಾರನ್ನು ಒಡೆಯುವ ಕೆಲಸ ಮಾಡುವುದು ಹೊಟ್ಟೆಯಲ್ಲಿ ಬದುಕುವ ಬ್ಯಾಕ್ಟೀರಿಯಾ, ಪ್ರೋಟೊಜೋವಾ ಮತ್ತು ಶಿಲೀಂಧ್ರಗಳು. ಅವು ಎಲ್ಲಿವೆ ಎನ್ನುವುದರ ಮೇಲೆ ಸಾಕುಪ್ರಾಣಿಗಳು ಮೂರು ಗುಂಪಾಗುತ್ತವೆ.

ಹಸು, ಎಮ್ಮೆ, ಕುರಿ, ಆಡುಗಳಲ್ಲಿ ಇವು ನಿಜವಾದ ಜಠರಕ್ಕಿಂತ ಮೊದಲೇ, ದೊಡ್ಡ ಚೀಲವೊಂದರಲ್ಲಿ ಇರುತ್ತವೆ. ಅಲ್ಲಿ ಮೇವು ಹುದುಗುತ್ತದೆ. ಹುದುಗಿದ ಮೇವಿನ ಜೊತೆ ಸೂಕ್ಷ್ಮಜೀವಿಗಳೂ ಮುಂದಿನ ಜಠರಕ್ಕೆ ಹೋಗಿ ಜೀರ್ಣವಾಗುತ್ತವೆ. ಹಸುವಿಗೆ ಸಿಗುವ ಪ್ರೋಟೀನಿನಲ್ಲಿ ದೊಡ್ಡ ಪಾಲು ಈ ಜೀವಿಗಳ ಮೈಯಿಂದಲೇ ಬರುತ್ತದೆ.

ಕುದುರೆ, ಕತ್ತೆ, ಮೊಲಗಳಲ್ಲಿ ಸೂಕ್ಷ್ಮಜೀವಿಗಳು ಸಣ್ಣ ಕರುಳು ದಾಟಿದ ಮೇಲೆ, ದೊಡ್ಡ ಕರುಳಿನ ಭಾಗದಲ್ಲಿ ಇರುತ್ತವೆ. ನಾರು ಒಡೆದು ಶಕ್ತಿ ಸಿಗುತ್ತದೆ ನಿಜ. ಆದರೆ ಆ ಜೀವಿಗಳ ಪ್ರೋಟೀನನ್ನು ಹೀರಿಕೊಳ್ಳುವ ಜಾಗ ಆಗಲೇ ಹಿಂದೆ ಹೋಗಿರುತ್ತದೆ. ಹಾಗಾಗಿ ಅದು ಲದ್ದಿಯಲ್ಲಿ ಹೊರಗೆ ಹೋಗಿಬಿಡುತ್ತದೆ. ಮೊಲ ಇದಕ್ಕೊಂದು ದಾರಿ ಕಂಡುಕೊಂಡಿದೆ. ಅದನ್ನು ಮುಂದೆ ನೋಡೋಣ.

ಕೋಳಿ ಮತ್ತು ಹಂದಿಯಲ್ಲಿ ಈ ಕೆಲಸ ತೀರಾ ಕಡಿಮೆ. ಅವು ಕಾಳು, ಹಿಂಡಿ, ಬೇಯಿಸಿದ ಆಹಾರವನ್ನು ತಮ್ಮದೇ ಜೀರ್ಣರಸದಿಂದ ಅರಗಿಸಿಕೊಳ್ಳುತ್ತವೆ. ನಾರು ಜಾಸ್ತಿಯಾದರೆ ಅವುಗಳ ಬೆಳವಣಿಗೆ ಕುಂಠಿತವಾಗುತ್ತದೆ.

ನಿಮ್ಮ ಮನೆಯಲ್ಲಿ ಯಾವ ಯಾವ ಪ್ರಾಣಿ ಇದೆ, ಅದು ಯಾವ ಗುಂಪಿಗೆ ಸೇರುತ್ತದೆ ಎಂದು ಮೊದಲು ಬರೆದುಕೊಳ್ಳಿ. ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೆ ನಿಂತಿವೆ.

ಹೆಜ್ಜೆ 2: ಹಸುವಿನ ನಾಲ್ಕು ಕೋಣೆಗಳನ್ನು ಪರಿಚಯ ಮಾಡಿಕೊಳ್ಳಿ

ಕುರಿ ಬೋಟಿ ತೊಳೆದು ಅಭ್ಯಾಸ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಅದರಲ್ಲಿ ಟವೆಲ್ಲಿನ ಹಾಗೆ ಜುಂಗು ಜುಂಗಾಗಿರುವ ದೊಡ್ಡ ತುಂಡು ರೂಮೆನ್. ಜೇನುಗೂಡಿನ ಮನೆಗಳಂತೆ ಕಾಣುವುದು ರೆಟಿಕ್ಯುಲಮ್. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವುದು ಒಮೇಸಮ್. ನುಣುಪಾಗಿ, ಮಡಿಕೆ ಮಡಿಕೆಯಾಗಿರುವುದು ಅಬೊಮೇಸಮ್. ನಮ್ಮ ಜಠರಕ್ಕೆ ಸಮಾನವಾದದ್ದು ಈ ಕೊನೆಯದು ಮಾತ್ರ. ಹಸುವಿನಲ್ಲೂ ಇದೇ ನಾಲ್ಕು ಕೋಣೆ, ಅಳತೆ ಮಾತ್ರ ದೊಡ್ಡದು. ದೊಡ್ಡ ಹಸುವಿನ ರೂಮೆನ್ ನೂರು ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ. ಹೊಟ್ಟೆಯ ಎಡಭಾಗವನ್ನು ಬಹುಪಾಲು ಅದೇ ತುಂಬಿಕೊಂಡಿರುತ್ತದೆ.

ಹಸು ಮೇವನ್ನು ಅರೆಬರೆ ಅಗಿದು ನುಂಗುತ್ತದೆ. ಆಮೇಲೆ ಮಲಗಿಕೊಂಡು ಸ್ವಲ್ಪ ಸ್ವಲ್ಪವಾಗಿ ಬಾಯಿಗೆ ತಂದುಕೊಂಡು ಮೆಲುಕು ಹಾಕುತ್ತದೆ. ಹೀಗೆ ಮೆಲುಕು ಹಾಕುವಾಗ ಜೊಲ್ಲು ಧಾರಾಳವಾಗಿ ಬರುತ್ತದೆ. ದೊಡ್ಡ ಹಸು ಒಂದು ದಿನಕ್ಕೆ ನೂರು ಲೀಟರಿನಷ್ಟು ಅಥವಾ ಅದಕ್ಕಿಂತ ಜಾಸ್ತಿ ಜೊಲ್ಲು ಸುರಿಸಬಲ್ಲದು. ಆ ಜೊಲ್ಲಿನಲ್ಲಿ ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟ್ ಇರುತ್ತದೆ. ರೂಮೆನ್ನಿನಲ್ಲಿ ಮೇವು ಹುದುಗುವಾಗ ಹುಟ್ಟುವ ಹುಳಿಯನ್ನು ಇದೇ ತಗ್ಗಿಸುತ್ತದೆ.

ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಉದ್ದ ನಾರು ಇದ್ದರೆ ಮೆಲುಕು. ಮೆಲುಕು ಇದ್ದರೆ ಜೊಲ್ಲು. ಜೊಲ್ಲು ಇದ್ದರೆ ಹೊಟ್ಟೆ ಹುಳಿಯಾಗುವುದಿಲ್ಲ. ಹಸುವಿನ ಮೇವಿನ ವಿಷಯದಲ್ಲಿ ಆಗುವ ಹೆಚ್ಚಿನ ಅನಾಹುತಗಳಲ್ಲಿ ಈ ಸರಪಳಿ ಎಲ್ಲೋ ಒಂದು ಕಡೆ ಕಡಿದಿರುತ್ತದೆ.

ಹೆಜ್ಜೆ 3: ಮೇವು ಹಾಕುವ ಕ್ರಮ ಸರಿಮಾಡಿಕೊಳ್ಳಿ

ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೊದಲು ಹಿಂಡಿ ಹಾಕಿ, ಹಾಲು ಕರೆದು, ಆಮೇಲೆ ಹುಲ್ಲು ಹಾಕುವ ರೂಢಿ ಬಹಳ ಕಡೆ ಇದೆ. ಹಾಲು ಕರೆಯುವಾಗ ಒಂದು ಹಿಡಿ ಹಾಕಿದರೆ ತೊಂದರೆ ಇಲ್ಲ. ಆದರೆ ನಾಲ್ಕೈದು ಕೆಜಿ ಹಿಂಡಿಯನ್ನು ಖಾಲಿ ಹೊಟ್ಟೆಗೆ ಒಂದೇ ಸಲ ಸುರಿಯಬೇಡಿ. ಮೊದಲು ಸ್ವಲ್ಪ ರಾಗಿ ಹುಲ್ಲೋ ಜೋಳದ ದಂಟೋ ತಿನ್ನಲಿ. ಆಮೇಲೆ ಹಿಂಡಿ ಕೊಡಿ. ದಿನದ ಹಿಂಡಿಯನ್ನು ಎರಡು ಮೂರು ಪಾಲು ಮಾಡಿ ಕೊಟ್ಟರೆ ಇನ್ನೂ ಒಳ್ಳೆಯದು.

ಪ್ರಮಾಣಕ್ಕೆ ಒಂದು ಸರಳ ಲೆಕ್ಕ ಇದೆ. ಹಸುವಿನ ಮೈ ಉಳಿಸಿಕೊಳ್ಳಲು ಒಂದರಿಂದ ಒಂದೂವರೆ ಕೆಜಿ ಹಿಂಡಿ ಮಿಶ್ರಣ. ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ ಇರುವುದರಿಂದ ಪ್ರತಿ ಎರಡು ಲೀಟರಿಗೆ ಒಂದು ಕೆಜಿ. ಹಸಿರು ಮೇವು ಚೆನ್ನಾಗಿದ್ದರೆ ಇದನ್ನು ಇಳಿಸಬಹುದು.

ಹುಲ್ಲನ್ನು ಕತ್ತರಿಸಿ ಹಾಕಿದರೆ ಪೋಲಾಗುವುದು ತಪ್ಪುತ್ತದೆ. ಆದರೆ ಪುಡಿ ಮಾಡಬೇಡಿ. ಒಂದರಿಂದ ಎರಡು ಇಂಚು ಇರಲಿ. ತೀರಾ ಸಣ್ಣದಾದರೆ ಮೆಲುಕಿಗೆ ಕೆಲಸವೇ ಇರುವುದಿಲ್ಲ, ಅಲ್ವಾ?

ಮೇವು ಬದಲಿಸುವಾಗ ಆತುರ ಬೇಡ. ಒಂದೊಂದು ಮೇವಿಗೂ ಬೇರೆ ಬೇರೆ ಸೂಕ್ಷ್ಮಜೀವಿಗಳು ಬೇಕು. ಹೊಸ ಮೇವಿಗೆ ತಕ್ಕವು ಹೆಚ್ಚಿಕೊಳ್ಳಲು ಎರಡು ವಾರವಾದರೂ ಬೇಕು. ಹಳೆಯದನ್ನು ದಿನ ದಿನ ಕಡಿಮೆ ಮಾಡುತ್ತಾ ಹೊಸದನ್ನು ಹೆಚ್ಚಿಸುತ್ತಾ ಹೋಗಿ. ಹಿಂಡಿಯ ಬ್ರ್ಯಾಂಡ್ ಬದಲಾದರೂ ಇದೇ ನಿಯಮ.

ಸೂಕ್ಷ್ಮಜೀವಿಗಳ ಮಹತ್ವ ಎಷ್ಟು ಎನ್ನುವುದಕ್ಕೆ ಸುಬಾಬುಲ್ ಸೊಪ್ಪಿನ ಕಥೆ ಹೇಳಬೇಕು. ಅದರಲ್ಲಿ ಮಿಮೋಸಿನ್ ಎನ್ನುವ ವಿಷಕಾರಿ ಅಂಶ ಇದೆ. ಆಸ್ಟ್ರೇಲಿಯಾದಲ್ಲಿ ಇದನ್ನು ಜಾಸ್ತಿ ತಿಂದ ದನಗಳು ಸೊರಗುತ್ತಿದ್ದವು, ಕೂದಲು ಉದುರುತ್ತಿತ್ತು. ಆದರೆ ಹವಾಯಿ ದ್ವೀಪದ ಆಡುಗಳು ಅದನ್ನೇ ತಿಂದು ಆರಾಮಾಗಿದ್ದವು. ಕಾರಣ ಅವುಗಳ ರೂಮೆನ್ನಿನಲ್ಲಿದ್ದ ಒಂದು ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ 1980ರ ದಶಕದಲ್ಲಿ ಹವಾಯಿಯಿಂದ ಆ ಜೀವಿಗಳನ್ನು ತರಿಸಿ ತಮ್ಮ ದೇಶದ ದನಗಳಿಗೆ ಕೊಟ್ಟರು. ಆಮೇಲೆ ಆ ದನಗಳೂ ಸುಬಾಬುಲ್ ಅರಗಿಸಿಕೊಳ್ಳತೊಡಗಿದವು. ದನ ಬದಲಾಗಲಿಲ್ಲ, ಸೊಪ್ಪೂ ಬದಲಾಗಲಿಲ್ಲ. ಒಳಗಿನ ಜೀವಿ ಬದಲಾಯಿತು, ಅಷ್ಟೇ. ನಾವಂತೂ ಸುಬಾಬುಲ್ಲನ್ನು ಒಟ್ಟು ಮೇವಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇಟ್ಟುಕೊಳ್ಳುವುದೇ ಕ್ಷೇಮ.

ಯೂರಿಯಾ ಬಗ್ಗೆ ಒಂದು ಮಾತು. 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಹುಲ್ಲು ಮೃದುವಾಗುತ್ತದೆ, ಪೌಷ್ಟಿಕವೂ ಆಗುತ್ತದೆ. ರೂಮೆನ್ನಿನ ಜೀವಿಗಳು ಯೂರಿಯಾದ ಸಾರಜನಕವನ್ನು ಪ್ರೋಟೀನ್ ಮಾಡಿಕೊಳ್ಳಬಲ್ಲವು. ಆದರೆ ಈ ಹುಲ್ಲು ಬೆಳೆದ ದನಗಳಿಗೆ ಮಾತ್ರ. ಆರು ತಿಂಗಳೊಳಗಿನ ಕರುವಿಗೆ, ಕುದುರೆಗೆ, ಹಂದಿಗೆ, ಕೋಳಿಗೆ ಬೇಡ. ಮೊದಲ ಸಲ ಮಾಡುವವರು ಪಶುವೈದ್ಯರ ಎದುರಿಗೇ ಕಲಿತುಕೊಳ್ಳಿ. ಕರಗದ ಯೂರಿಯಾ ಹರಳು ಅಥವಾ ಯೂರಿಯಾ ನೀರು ಹೊಟ್ಟೆಗೆ ಹೋದರೆ ದನ ಗಂಟೆಗಳಲ್ಲಿ ಸಾಯಬಹುದು.

ಹೆಜ್ಜೆ 4: ದಿನಾ ಐದು ನಿಮಿಷ ಹೊಟ್ಟೆಯನ್ನು ಗಮನಿಸಿ

ಇದಕ್ಕೆ ಯಾವ ಉಪಕರಣವೂ ಬೇಡ. ಮಧ್ಯಾಹ್ನ ಹಸುಗಳು ಮಲಗಿರುವ ಹೊತ್ತಿಗೆ ಕೊಟ್ಟಿಗೆಗೆ ಹೋಗಿ. ಮಲಗಿರುವ ಹಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಲುಕು ಹಾಕುತ್ತಿರಬೇಕು. ಒಂದು ತುತ್ತನ್ನು ಎಷ್ಟು ಸಲ ಅಗಿಯುತ್ತದೆ ಎಂದು ಎಣಿಸಿ. ಐವತ್ತರಿಂದ ಎಪ್ಪತ್ತು ಸಲ ಅಗಿದರೆ ಮೇವಿನಲ್ಲಿ ನಾರು ಸಾಕಷ್ಟಿದೆ. ಮೂವತ್ತು ನಲವತ್ತಕ್ಕೇ ನುಂಗಿಬಿಟ್ಟರೆ ಹುಲ್ಲು ಸಾಲುತ್ತಿಲ್ಲ.

ಆಮೇಲೆ ಎಡ ಪಕ್ಕೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಒಂದು ಗುಂಡಿ ಇದೆ. ಅಲ್ಲಿ ಮುಷ್ಟಿ ಒತ್ತಿ ಹಿಡಿಯಿರಿ. ಒಳಗಿನಿಂದ ನಿಧಾನವಾಗಿ ಉಬ್ಬಿ ಕೈಯನ್ನು ಹೊರಗೆ ತಳ್ಳಿದ ಹಾಗೆ ಆಗುತ್ತದೆ. ನಿಮಿಷಕ್ಕೆ ಒಂದೆರಡು ಸಲ ಹೀಗಾದರೆ ರೂಮೆನ್ ಆರೋಗ್ಯವಾಗಿದೆ. ಎರಡು ಮೂರು ನಿಮಿಷ ಕಾದರೂ ಏನೂ ಆಗದಿದ್ದರೆ ಎಚ್ಚರಗೊಳ್ಳಿ. ಗುಂಡಿ ಆಳವಾಗಿದ್ದರೆ ಹಸು ಸರಿಯಾಗಿ ತಿಂದಿಲ್ಲ. ಉಬ್ಬಿ ಡೊಳ್ಳಿನಂತೆ ಬಿಗಿಯಾಗಿದ್ದರೆ ಗಾಳಿ ತುಂಬಿದೆ.

ಸಗಣಿಯನ್ನೂ ನೋಡಿ. ಬಿದ್ದಾಗ ಒಂದೆರಡು ಇಂಚು ಎತ್ತರದ ಗುಪ್ಪೆಯಾಗಿ ನಿಂತರೆ ಸರಿ. ನೀರಾಗಿ, ಹುಳಿ ವಾಸನೆಯಿಂದ, ನೊರೆಯ ಜೊತೆ ಬಂದರೆ ಹಿಂಡಿ ಹೆಚ್ಚಾಗಿದೆ. ಕಾಳುಗಳು ಇಡಿಯಾಗಿಯೇ ಕಾಣಿಸಿದರೆ ಕಾಳನ್ನು ಒಡೆಸಿ ಹಾಕಬೇಕು. ಸುಮ್ನೆ ದುಡ್ಡು ಸಗಣಿಗೆ ಹೋಗುತ್ತಿದೆ.

ಡೇರಿಯ ಚೀಟಿಯೂ ಹೊಟ್ಟೆಯ ವಿಷಯ ಹೇಳುತ್ತದೆ. ನಾರು ಹುದುಗಿದಾಗ ಹುಟ್ಟುವ ಅಸಿಟಿಕ್ ಆಮ್ಲದಿಂದಲೇ ಹಾಲಿನ ಕೊಬ್ಬಿನ ದೊಡ್ಡ ಪಾಲು ತಯಾರಾಗುತ್ತದೆ. ಹಾಲು ಅಷ್ಟೇ ಇದ್ದು ಫ್ಯಾಟ್ ಮಾತ್ರ ಇದ್ದಕ್ಕಿದ್ದಂತೆ ಇಳಿದರೆ, ಹಾಲು ಅಳೆಯುವವರ ಜೊತೆ ವಾದಕ್ಕೆ ಇಳಿಯುವ ಮೊದಲು ಹುಲ್ಲು ಎಷ್ಟು ಹಾಕುತ್ತಿದ್ದೀರಿ ಎಂದು ನೋಡಿಕೊಳ್ಳಿ.

ಹೆಜ್ಜೆ 5: ಕರುವನ್ನು ಸಣ್ಣ ಹಸು ಎಂದುಕೊಳ್ಳಬೇಡಿ

ಹುಟ್ಟಿದ ಕರುವಿನಲ್ಲಿ ನಾಲ್ಕೂ ಕೋಣೆ ಇರುತ್ತವೆ. ಆದರೆ ಕೆಲಸ ಮಾಡುವುದು ಅಬೊಮೇಸಮ್ ಒಂದೇ. ಕರು ಚೀಪುವಾಗ ಅನ್ನನಾಳದ ಕೆಳಗಿರುವ ಒಂದು ಕಾಲುವೆಯಂಥ ಮಡಿಕೆ ಮುಚ್ಚಿಕೊಂಡು, ಹಾಲು ರೂಮೆನ್ನಿಗೆ ಬೀಳದೆ ನೇರವಾಗಿ ಅಬೊಮೇಸಮ್ಮಿಗೆ ಹೋಗುತ್ತದೆ. ಬಲವಂತವಾಗಿ ಬಾಯಿಗೆ ಸುರಿದರೆ ಈ ಮಡಿಕೆ ಸರಿಯಾಗಿ ಮುಚ್ಚುವುದಿಲ್ಲ. ಹಾಲು ರೂಮೆನ್ನಿಗೆ ಬಿದ್ದು ಕೊಳೆಯುತ್ತದೆ, ಕರುವಿಗೆ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಹಾಗಾಗಿ ಕೆಚ್ಚಲಿಗೇ ಬಿಡಿ. ಇಲ್ಲವಾದರೆ ನಿಪ್ಪಲ್ ಇರುವ ಬಾಟಲಿಯಲ್ಲಿ, ಕರು ನಿಂತು ಕುತ್ತಿಗೆ ಸ್ವಲ್ಪ ಮೇಲೆತ್ತಿ ಚೀಪುವ ಹಾಗೆ ಕುಡಿಸಿ. ಹಾಲು ಮೈ ಬಿಸಿಯಷ್ಟು ಬೆಚ್ಚಗಿರಲಿ.

ಗಿಣ್ಣು ಹಾಲಿನ ವಿಷಯದಲ್ಲಿ ನನಗೆ ಬಹಳ ಬೇಸರ ತರುವ ಒಂದು ರೂಢಿ ಇದೆ. ಸತ್ತೆ (ಮಾಸು) ಬೀಳುವ ತನಕ ಕರುವಿಗೆ ಹಾಲು ಬಿಡುವುದಿಲ್ಲ ಎಂದು ಗಂಟೆಗಟ್ಟಲೆ ಕಾಯಿಸುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ತಾಯಿಯ ರೋಗನಿರೋಧಕ ಶಕ್ತಿ ಗಿಣ್ಣಿನ ಮೂಲಕವೇ ಕರುವಿಗೆ ಬರಬೇಕು. ಅದನ್ನು ಹಾಗೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ, 24 ಗಂಟೆಯಾಗುವಷ್ಟರಲ್ಲಿ ಬಹುತೇಕ ಮುಚ್ಚಿಹೋಗುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು ಹೊಟ್ಟೆ ಸೇರಲಿ. ಮೊದಲ ದಿನ ಒಟ್ಟು ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕೆಜಿ ಕರುವಿಗೆ 3 ಲೀಟರ್, ಮೂರು ನಾಲ್ಕು ಸಲವಾಗಿ ಕುಡಿಸಿ. ಕರು ಕೆಚ್ಚಲು ಚೀಪಿದರೆ ಸತ್ತೆ ಬೀಳುವುದಕ್ಕೂ ಸಹಾಯವಾಗುತ್ತದೆ.

ಎರಡನೇ ವಾರದಿಂದ ಕರುವಿನ ಹಿಂಡಿಯನ್ನು ಒಂದೊಂದು ಹಿಡಿ ತೋರಿಸಿ. ಜೊತೆಗೆ ಶುದ್ಧ ನೀರು, ಸ್ವಲ್ಪ ಎಳೆ ಒಣಹುಲ್ಲು ಇರಲಿ. ಹಿಂಡಿ ಹುದುಗಿದಾಗಲೇ ರೂಮೆನ್ನಿನ ಒಳಗೋಡೆ ಬೆಳೆಯುವುದು. ಎರಡು ಮೂರು ತಿಂಗಳಿಗೆ ಕರು ಮೆಲುಕು ಹಾಕುವ ಪ್ರಾಣಿಯಾಗಿ ಮಾರ್ಪಡುತ್ತದೆ.

ಹೆಜ್ಜೆ 6: ನಾಲ್ಕು ಅಪಾಯಗಳನ್ನು ಗುರುತು ಹಿಡಿಯಿರಿ

ಮೊದಲನೆಯದು ಹೊಟ್ಟೆ ಹುಳಿಯಾಗುವುದು. ಡಾಕ್ಟರು ಇದನ್ನು ಅಸಿಡೋಸಿಸ್ ಎನ್ನುತ್ತಾರೆ. ಮದುವೆ ಮನೆಯಲ್ಲಿ ಉಳಿದ ಅನ್ನ, ಹಬ್ಬದ ದಿನ ಗೋಪೂಜೆಗೆ ಬಂದವರೆಲ್ಲ ತಿನ್ನಿಸಿದ ಅಕ್ಕಿ ಬೆಲ್ಲ ಬಾಳೆಹಣ್ಣು, ಹಲಸಿನ ಕಾಲದಲ್ಲಿ ರಾಶಿ ಹಲಸಿನಹಣ್ಣು, ಕಣದಲ್ಲಿ ಬಾಯಿ ಹಾಕಿದ ರಾಗಿ. ಪಿಷ್ಟ, ಸಕ್ಕರೆ ಜಾಸ್ತಿಯಾದ ಕೂಡಲೇ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ಒಳ್ಳೆಯ ಜೀವಿಗಳು ಸಾಯುತ್ತವೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ಭೇದಿ ಶುರುವಾಗುತ್ತದೆ, ಕಣ್ಣು ಒಳಗೆ ಹೋಗುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಜಾಸ್ತಿ ತಿಂದದ್ದು ಗೊತ್ತಾದ ತಕ್ಷಣ, ಲಕ್ಷಣ ಕಾಣುವುದಕ್ಕೆ ಕಾಯದೆ, ಪಶುವೈದ್ಯರಿಗೆ ಫೋನ್ ಮಾಡಿ. ಮಿಕ್ಕ ಕಾಳು ತೆಗೆದುಬಿಡಿ, ಒಣಹುಲ್ಲು ಮಾತ್ರ ಇಡಿ. ಭಕ್ತಿಯಿಂದ ತಿನ್ನಿಸುವವರಿಗೆ ಬೇಡ ಎನ್ನಲು ಮನಸ್ಸು ಬರುವುದಿಲ್ಲ ನಿಜ. ಅವರ ಕೈಗೆ ಒಂದು ಹಿಡಿ ಹಸಿರು ಹುಲ್ಲು ಕೊಡಿ.

ಎರಡನೆಯದು ಹೊಟ್ಟೆ ಉಬ್ಬರ. ಎಳೆ ಕುದುರೆಮೆಂತೆ, ಅಲಸಂದೆ ಸೊಪ್ಪನ್ನು ಖಾಲಿ ಹೊಟ್ಟೆಗೆ ತಿಂದಾಗ ರೂಮೆನ್ನಿನ ಗಾಳಿ ನೊರೆಯಾಗಿ ಸಿಕ್ಕಿಕೊಳ್ಳುತ್ತದೆ. ತೇಗಿನಲ್ಲಿ ಹೊರಗೆ ಬರಲಾರದು. ಎಡ ಪಕ್ಕೆ ಉಬ್ಬಿ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಹಸುವನ್ನು ಮುಂಗಾಲು ಎತ್ತರದಲ್ಲಿ ಇರುವಂತೆ ನಿಲ್ಲಿಸಿ, ಮಲಗಲು ಬಿಡಬೇಡಿ, ಬಾಯಿಗೆ ಅಡ್ಡ ಒಂದು ಕೋಲು ಕಟ್ಟಿದರೆ ಜೊಲ್ಲು ಬಂದು ತೇಗಲು ಅನುಕೂಲ. ಅಡುಗೆ ಎಣ್ಣೆ ಕುಡಿಸುವುದು ನೊರೆ ಒಡೆಯಲು ಸಹಾಯ ಮಾಡುತ್ತದೆ. ಆದರೆ ನಾಲಿಗೆ ಹಿಡಿದು ಎಳೆದು, ಮೂತಿ ಆಕಾಶಕ್ಕೆ ಎತ್ತಿ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ಅದು ಉಬ್ಬರಕ್ಕಿಂತ ಕೆಟ್ಟದ್ದು. ಎಷ್ಟು, ಹೇಗೆ ಎಂದು ವೈದ್ಯರನ್ನು ಫೋನಿನಲ್ಲಿ ಕೇಳಿಕೊಂಡೇ ಕುಡಿಸಿ.

ಮೂರನೆಯದು ಮೊಳೆ, ತಂತಿ, ಪ್ಲಾಸ್ಟಿಕ್. ಹಸು ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತದೆ, ಆರಿಸಿ ತಿನ್ನುವುದಿಲ್ಲ. ಭಾರದ ಲೋಹ ರೆಟಿಕ್ಯುಲಮ್ಮಿನಲ್ಲಿ ಉಳಿಯುತ್ತದೆ. ಅದರ ಮುಂದೆಯೇ, ಒಂದು ತೆಳು ಪರದೆಯ ಆಚೆ ಹೃದಯ ಇದೆ. ರೆಟಿಕ್ಯುಲಮ್ ಹಿಂಡಿದಾಗಲೆಲ್ಲ ತಂತಿ ಚುಚ್ಚುತ್ತಾ ಹೋಗುತ್ತದೆ. ಹಸು ಬೆನ್ನು ಬಾಗಿಸಿ ನಿಲ್ಲುವುದು, ಇಳಿಜಾರು ಇಳಿಯಲು ಹಿಂಜರಿಯುವುದು, ಕುತ್ತಿಗೆಯ ಕೆಳಗೆ ಬಾವು ಬರುವುದು ಇದರ ಲಕ್ಷಣ. ಕೊಟ್ಟಿಗೆ ಕಟ್ಟುವ ಕೆಲಸ ಮುಗಿದ ಮೇಲೆ ಒಂದು ದೊಡ್ಡ ಆಯಸ್ಕಾಂತ ಹಿಡಿದು ನೆಲ ಗುಡಿಸಿ. ಉಳಿದ ಅಡುಗೆಯನ್ನು ಕವರಿನಲ್ಲಿ ಕಟ್ಟಿ ದನಕ್ಕೆಂದು ಬೀದಿಯಲ್ಲಿ ಇಡುವುದನ್ನು ನಿಲ್ಲಿಸೋಣ. ಆ ಕವರು ರೂಮೆನ್ನಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ನಾಲ್ಕನೆಯದು ಎಳೆ ಜೋಳ. ಮಳೆ ಕೈಕೊಟ್ಟು ಬಾಡಿದ ಎಳೆ ಪೈರು, ಕೊಯ್ಲಾದ ಮೇಲೆ ಚಿಗುರುವ ಕೂಳೆ ಜೋಳ, ಇವುಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ರೂಮೆನ್ನಿನ ಜೀವಿಗಳು ಅದನ್ನು ಬೇಗ ಒಡೆದು ವಿಷವನ್ನು ಹೊರಬಿಡುತ್ತವೆ. ಹಾಗಾಗಿ ಮೆಲುಕು ಹಾಕುವ ಪ್ರಾಣಿಗಳಿಗೇ ಇದರ ಅಪಾಯ ಜಾಸ್ತಿ. ಜೋಳ ಹೂ ಬಿಟ್ಟ ಮೇಲೆ ಕೊಯ್ದು ಹಾಕಿ. ಕೂಳೆ ಇರುವ ಹೊಲಕ್ಕೆ ದನ ನುಗ್ಗದಂತೆ ನೋಡಿಕೊಳ್ಳಿ.

ಹೆಜ್ಜೆ 7: ಆಡು ಮತ್ತು ಕುರಿಯನ್ನು ಬೇರೆ ಬೇರೆಯಾಗಿ ನೋಡಿ

ಎರಡಕ್ಕೂ ನಾಲ್ಕು ಕೋಣೆ. ಆದರೆ ತಿನ್ನುವ ರೀತಿ ಬೇರೆ. ಕುರಿ ನೆಲದ ಹುಲ್ಲನ್ನು ಬುಡದವರೆಗೆ ಮೇಯುತ್ತದೆ. ಆಡು ಹಿಂಗಾಲಿನ ಮೇಲೆ ನಿಂತು ಚುರುಕಾದ ತುಟಿಯಿಂದ ಒಂದೊಂದೇ ಎಲೆ ಆರಿಸುತ್ತದೆ. ಜಾಲಿ, ಬೇವಿನಂಥ ಒಗರು, ಕಹಿ ಸೊಪ್ಪುಗಳನ್ನು ಅದು ಕುರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆಡಿಗೆ ಮೇವನ್ನು ನೆಲಕ್ಕೆ ಸುರಿಯದೆ ಎತ್ತರದಲ್ಲಿ ಕಟ್ಟಿ ತೂಗುಹಾಕಿ. ನೆಲಕ್ಕೆ ಬಿದ್ದು ತುಳಿದದ್ದನ್ನು ಅದು ಮುಟ್ಟುವುದಿಲ್ಲ. ಬಳ್ಳಾರಿ ಜಾಲಿಯ ಕಾಯಿ ತಿನ್ನಿಸುವವರು ಒಂದು ವಿಷಯ ಗಮನಿಸಿ. ಗಟ್ಟಿ ಬೀಜಗಳು ಜೀರ್ಣವಾಗದೆ ಹಿಕ್ಕೆಯಲ್ಲಿ ಹೊರಗೆ ಬಂದು ಹೊಲದಲ್ಲಿ ಮೊಳೆಯುತ್ತವೆ. ಕಾಯಿಯನ್ನು ಕುಟ್ಟಿ ಪುಡಿ ಮಾಡಿ ಹಾಕಿ. ಪೌಷ್ಟಿಕಾಂಶವೂ ಸಿಗುತ್ತದೆ, ಮುಳ್ಳೂ ಹಬ್ಬುವುದಿಲ್ಲ.

ಕುರಿಗೆ ಎರಡು ಎಚ್ಚರಿಕೆ. ದನದ ಖನಿಜ ಮಿಶ್ರಣ ಹಾಕಬೇಡಿ. ಅದರಲ್ಲಿರುವ ತಾಮ್ರ ಕುರಿಯ ಯಕೃತ್ತಿನಲ್ಲಿ ಸೇರಿಕೊಳ್ಳುತ್ತಾ ಹೋಗಿ ಒಂದು ದಿನ ವಿಷವಾಗುತ್ತದೆ. ಎರಡನೆಯದು ಕರುಳುಬೇನೆ. ಮುಂಗಾರಿನ ಮೊದಲ ಎಳೆ ಹುಲ್ಲು ಅಥವಾ ಕಾಳು ಹೊಟ್ಟೆ ಬಿರಿಯ ತಿಂದಾಗ ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ ವಿಪರೀತ ಹೆಚ್ಚಿ ವಿಷ ಬಿಡುತ್ತದೆ. ರಾತ್ರಿ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಸತ್ತಿರುತ್ತದೆ, ಅದೂ ಮಂದೆಯಲ್ಲೇ ದಷ್ಟಪುಷ್ಟವಾದದ್ದು. ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಿ. ಬಕ್ರೀದ್‌ಗೆಂದು ಟಗರು ಕೊಬ್ಬಿಸುವವರು ಕಾಳನ್ನು ನೂರು ಗ್ರಾಮಿನಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ. ಕಾಳು ಜಾಸ್ತಿ, ನೀರು ಕಡಿಮೆ ಆದರೆ ಟಗರಿಗೆ ಮೂತ್ರದಲ್ಲಿ ಕಲ್ಲೂ ಕಟ್ಟಿಕೊಳ್ಳುತ್ತದೆ.

ಹೆಜ್ಜೆ 8: ಕೋಳಿಯ ಹೊಟ್ಟೆಯನ್ನು ಕೈಯಲ್ಲಿ ಮುಟ್ಟಿ ನೋಡಿ

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಕತ್ತಿನ ಬುಡದ ಚೀಲದಲ್ಲಿ ನೆನೆಯುತ್ತದೆ. ಅಲ್ಲಿಂದ ಜೀರ್ಣರಸ ಸುರಿಸುವ ಚಿಕ್ಕ ಜಠರಕ್ಕೆ, ಅಲ್ಲಿಂದ ಗಿಜಾರ್ಡಿಗೆ ಹೋಗುತ್ತದೆ. ನಾಟಿಕೋಳಿ ಕೊಯ್ದಾಗ ಹಳದಿ ಸಿಪ್ಪೆ ಸುಲಿದು ತೊಳೆಯುತ್ತೇವಲ್ಲ, ಆ ಗಟ್ಟಿ ಮಾಂಸದ ಗಡ್ಡೆಯೇ ಗಿಜಾರ್ಡ್. ಒಳಗೆ ಸಣ್ಣ ಕಲ್ಲುಗಳಿರುತ್ತವೆ. ಕಾಳನ್ನು ಅರೆಯುವುದು ಅವೇ. ಹೊರಗೆ ಓಡಾಡುವ ಕೋಳಿ ಕಲ್ಲನ್ನು ತಾನೇ ಹುಡುಕಿಕೊಳ್ಳುತ್ತದೆ. ಗೂಡಿನಲ್ಲೇ ಕೂಡಿಹಾಕಿ ಇಡೀ ಕಾಳು ಹಾಕುವವರು ಒಂದು ತಟ್ಟೆಯಲ್ಲಿ ಸಣ್ಣ ಗಟ್ಟಿ ಕಲ್ಲಿನ ಚೂರು ಇಡಬೇಕು. ಪುಡಿ ಆಹಾರ ಮಾತ್ರ ಕೊಡುವವರಿಗೆ ಇದು ಬೇಕಾಗಿಲ್ಲ.

ಹಸುವಿನ ಮೇವು ಹೊಟ್ಟೆ ದಾಟಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಕೋಳಿಯಲ್ಲಿ ಕೆಲವೇ ಗಂಟೆ. ಅಷ್ಟರಲ್ಲಿ ಸಿಕ್ಕಷ್ಟೇ ಲಾಭ. ಅದಕ್ಕೇ ಕೋಳಿಗೆ ನಾರು ಕಡಿಮೆ, ಪೌಷ್ಟಿಕಾಂಶ ಹೆಚ್ಚು ಇರುವ ಆಹಾರ ಬೇಕು. ತೌಡು ಅಗ್ಗ ಎಂದು ಅದನ್ನೇ ತುಂಬಿದರೆ ಹೊಟ್ಟೆ ತುಂಬುತ್ತದೆ, ಮೊಟ್ಟೆ ನಿಲ್ಲುತ್ತದೆ. ತೌಡಿನಲ್ಲಿರುವ ರಂಜಕದ ಬಹುಪಾಲು ಕೂಡ ಕೋಳಿಗೆ ದಕ್ಕುವುದಿಲ್ಲ. ಹಸುವಿಗಾದರೆ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿಕೊಡುತ್ತವೆ.

ಸಂಜೆ ಗೂಡಿಗೆ ಬಿಡುವಾಗ ಕತ್ತಿನ ಬುಡದ ಚೀಲ ಮುಟ್ಟಿ. ತುಂಬಿ ಮೆತ್ತಗಿದ್ದರೆ ಸರಿ. ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿಯಾಗಿ ಉಬ್ಬಿದ್ದರೆ ಉದ್ದ ಹುಲ್ಲೋ ದಾರವೋ ಸಿಕ್ಕಿಕೊಂಡಿರಬಹುದು. ಹೊಸ ಮರಿ ತಂದಾಗಲೂ ಹೀಗೇ ಮುಟ್ಟಿ ನೋಡಿ. ಹೊಟ್ಟೆಯೊಳಗೆ ಉಳಿದ ಹಳದಿಯ ಬಲದಿಂದ ಮರಿ ಎರಡು ಮೂರು ದಿನ ಬದುಕಬಲ್ಲದು. ಹಾಗೆಂದು ಕಾಯಿಸಬೇಡಿ. ತಂದ ತಕ್ಷಣ ನೀರು, ಆಮೇಲೆ ಆಹಾರ. ಮಾರನೆಯ ದಿನ ಬಹುತೇಕ ಎಲ್ಲ ಮರಿಗಳ ಚೀಲವೂ ತುಂಬಿರಬೇಕು.

ಹಿಕ್ಕೆಯ ಮೇಲಿನ ಬಿಳಿ ಟೊಪ್ಪಿಗೆ ಮೂತ್ರ. ದಿನಕ್ಕೆ ಕೆಲವು ಸಲ ಅಂಟಂಟಾದ ಕಂದು ಹಿಕ್ಕೆ ಬರುತ್ತದೆ. ಅದೂ ಸಹಜವೇ, ಭೇದಿ ಎಂದು ಔಷಧಿ ಹಾಕಬೇಡಿ. ರಕ್ತ ಕಂಡರೆ ಮಾತ್ರ ತಡಮಾಡಬೇಡಿ.

ಮೊಟ್ಟೆಯ ಚಿಪ್ಪು ಹೆಚ್ಚಾಗಿ ರಾತ್ರಿ ಕಟ್ಟಿಕೊಳ್ಳುತ್ತದೆ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಸುಣ್ಣದ ಅಂಶ ಬೇಕು. ಹಾಗಾಗಿ ಕಪ್ಪೆಚಿಪ್ಪಿನ ಚೂರನ್ನು ಸಂಜೆಯ ಹೊತ್ತು ಇಡಿ. ಮೊಟ್ಟೆ ಕೋಳಿಯ ಆಹಾರವನ್ನು ಮರಿಗಳಿಗೆ ಹಾಕಬೇಡಿ. ಅಷ್ಟು ಸುಣ್ಣವನ್ನು ಅವುಗಳ ಮೂತ್ರಪಿಂಡ ತಾಳುವುದಿಲ್ಲ.

ಹೆಜ್ಜೆ 9: ಹಂದಿ, ಮೊಲ, ಕುದುರೆ

ಹಂದಿಯ ಜಠರ ನಮ್ಮದರ ಹಾಗೆ ಒಂದೇ ಕೋಣೆಯದು. ಕಾಳು, ಗೆಡ್ಡೆ, ಅಡುಗೆ ಉಳಿಕೆ ಎಲ್ಲ ನಡೆಯುತ್ತದೆ. ಹುಲ್ಲಿನ ಮೇಲೇ ಬೆಳೆಸುತ್ತೇನೆ ಎಂದರೆ ಆಗುವುದಿಲ್ಲ. ಹೋಟೆಲಿನ ಉಳಿಕೆ ತರುವವರು ಚೆನ್ನಾಗಿ ಕುದಿಸಿಯೇ ಹಾಕಿ. ಆಫ್ರಿಕನ್ ಹಂದಿ ಜ್ವರದ ವೈರಸ್ ಹಸಿ ಅಥವಾ ಅರೆಬೆಂದ ಮಾಂಸದ ಚೂರುಗಳ ಮೂಲಕ ಹರಡುತ್ತದೆ. ಸೋಯಾ ಕಾಳನ್ನೂ ಹುರಿದೋ ಬೇಯಿಸಿಯೋ ಹಾಕಿ. ಹಸಿಯದು ಪ್ರೋಟೀನ್ ಜೀರ್ಣವಾಗಲು ಬಿಡುವುದಿಲ್ಲ. ಉಪ್ಪಿನ ಉಳಿಕೆ ಹಾಕಿದ ದಿನ ನೀರಿನ ತೊಟ್ಟಿ ಖಾಲಿಯಾಗಬಾರದು. ನೀರಿಲ್ಲದಿದ್ದರೆ ಉಪ್ಪೇ ವಿಷವಾಗುತ್ತದೆ.

ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗಟ್ಟಿ ಗುಂಡಿನಂಥದ್ದು ನಮಗೆ ಕಾಣುತ್ತದೆ. ಮೆತ್ತನೆಯದನ್ನು ಅದು ಗುದದ್ವಾರದಿಂದಲೇ ಬಾಯಿ ಹಾಕಿ ನುಂಗುತ್ತದೆ. ಮೊದಲೇ ಹೇಳಿದ, ಕೈತಪ್ಪಿ ಹೋಗುವ ಪ್ರೋಟೀನ್ ಮತ್ತು ಬಿ ವಿಟಮಿನ್‌ಗಳನ್ನು ಅದು ಹೀಗೆ ವಾಪಸ್ ಪಡೆಯುತ್ತದೆ. ಇದು ಕೆಟ್ಟ ಚಟ ಅಲ್ಲ, ತಡೆಯಬೇಡಿ. ಒಣಹುಲ್ಲು ಗೂಡಿನಲ್ಲಿ ಸದಾ ಇರಲಿ. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ, ಕರುಳಿನ ಚಲನೆ ನಿಂತರೆ ಬೇಗ ಸಾಯುತ್ತದೆ. ಅರ್ಧ ದಿನ ಏನೂ ತಿನ್ನದ ಮೊಲಕ್ಕೆ ಚಿಕಿತ್ಸೆ ಬೇಕೇ ಬೇಕು.

ಕುದುರೆಗೂ ವಾಂತಿ ಆಗುವುದಿಲ್ಲ, ಜಠರವೂ ಮೈಗೆ ಹೋಲಿಸಿದರೆ ಚಿಕ್ಕದು. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ತಿನ್ನಬೇಕು. ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ.

ಹೆಜ್ಜೆ 10: ಮೂಟೆಗಳನ್ನು ಬೇರೆ ಮಾಡಿ, ಹೆಸರು ಬರೆಯಿರಿ

ಪ್ರತಿ ಪ್ರಾಣಿಯ ಆಹಾರಕ್ಕೆ ಬೇರೆ ಡ್ರಮ್ಮು, ಬೇರೆ ಅಳತೆ ಡಬ್ಬ ಇಡಿ. ಡ್ರಮ್ಮಿನ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಯಿರಿ. ಮಾಂಸದ ಕೋಳಿಯ ಆಹಾರದಲ್ಲಿ ಮೊನೆನ್ಸಿನ್ ಎನ್ನುವ ಔಷಧಿ ಬೆರೆಸಿರಬಹುದು. ಕೋಳಿಗೆ ಅದು ರಕ್ತಭೇದಿ ತಡೆಯುತ್ತದೆ, ಆದರೆ ಸ್ವಲ್ಪವೇ ಹೊಟ್ಟೆಗೆ ಹೋದರೂ ಕುದುರೆಯನ್ನು ಕೊಂದುಬಿಡಬಲ್ಲದು. ಬೂಷ್ಟು ಬಂದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಯನ್ನು ಯಾವ ಪ್ರಾಣಿಗೂ ಹಾಕಬೇಡಿ. ಕೋಳಿಗೆ ಬೇಡವಾದದ್ದು ಹಸುವಿಗಾಗಲಿ ಎಂದರೆ ಬೂಷ್ಟಿನ ವಿಷ ಹಾಲಿನಲ್ಲಿ ಬಂದು ಮನೆಯ ಮಕ್ಕಳ ಲೋಟ ಸೇರುತ್ತದೆ. ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬಾಗಿಲಿಗೆ ಚಿಲಕ ಇರಲಿ.

ಪ್ರಾಣಿಯ ಹೊಟ್ಟೆ ಕೆಟ್ಟು ಪಶು ಚಿಕಿತ್ಸಾಲಯಕ್ಕೋ 1962 ಸಹಾಯವಾಣಿಗೋ ಫೋನ್ ಮಾಡುವಾಗ ಈ ವಿಷಯಗಳನ್ನು ಸಿದ್ಧವಾಗಿ ಇಟ್ಟುಕೊಳ್ಳಿ: ಕೊನೆಯ ಸಲ ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು, ಮೆಲುಕು ಯಾವಾಗ ನಿಂತಿತು, ಎಡ ಪಕ್ಕೆ ಉಬ್ಬಿದೆಯೇ, ಒಳಗೆ ಹೋಗಿದೆಯೇ, ಸಗಣಿ ಹೇಗಿದೆ, ಗಬ್ಬ ಇದೆಯೇ, ಮನೆಯಲ್ಲಿ ಏನಾದರೂ ಕುಡಿಸಿದ್ದೀರಾ. ಕೊನೆಯ ಪ್ರಶ್ನೆಗೆ ಸಂಕೋಚವಿಲ್ಲದೆ ನಿಜ ಹೇಳಿ. ಮೊದಲೇ ಎಣ್ಣೆಯೋ ಸೋಡಾವೋ ಹೋಗಿದ್ದರೆ ವೈದ್ಯರು ಅದನ್ನು ನೋಡಿಕೊಂಡೇ ಮುಂದಿನ ಔಷಧಿ ಕೊಡುತ್ತಾರೆ.